ದೇವರೊಡನೆ ಜಗಳ: ಬಲ್ಗೇರಿಯದ ಸಾಹಿತ್ಯದಲ್ಲೊಂದು ನೋಟ

ದೇವರನ್ನು ಪ್ರಶ್ನಿಸುವವರೆಲ್ಲ ನಾಸ್ತಿಕರೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಲ್ಗೇರಿಯದ ಲೇಖಕರನ್ನು ನೋಡಿದರೆ ಆ ಮಾತು ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ.

ಆ ನಾಡಿನಲ್ಲಿ ಸಂಶಯದ ಬೇರು ಬಹಳ ಹಳೆಯದು. ಹತ್ತನೆಯ ಶತಮಾನದಲ್ಲಿ, ಪೀಟರ್ ದೊರೆಯ ಕಾಲಕ್ಕೆ, ಬೊಗೊಮಿಲ್ ಎಂಬ ಪಾದ್ರಿ ಹೊಸ ಪಂಥವೊಂದನ್ನು ಹುಟ್ಟುಹಾಕಿದ. ಕಣ್ಣಿಗೆ ಕಾಣುವ ಲೋಕವನ್ನು ಮಾಡಿದವನು ಸೈತಾನ. ಶಿಲುಬೆ, ಸಂತರ ಪಟ, ಪುರೋಹಿತ ಯಾವುದೂ ಬೇಡ ಎಂಬುದು ಆ ಪಂಥದವರ ನಿಲುವು. ಪಂಥ ಅಳಿದರೂ ಪ್ರಶ್ನೆ ಉಳಿಯಿತು.

ತುರ್ಕರ ಆಳ್ವಿಕೆಯಲ್ಲಿ ಅಲ್ಲಿನ ಇಗರ್ಜಿಗಳ ಮೇಲೆ ಗ್ರೀಕ್ ಬಿಷಪ್‌ಗಳ ಅಧಿಕಾರವಿತ್ತು. ಬಹುಕಾಲ ಹೋರಾಡಿ 1870ರಲ್ಲಿ ಬಲ್ಗೇರಿಯನ್ನರು ತಮ್ಮದೇ ಧರ್ಮಪೀಠವನ್ನು ಪಡೆದರು. 1871ರಲ್ಲಿ ಜನರಾಡುವ ನುಡಿಯಲ್ಲಿ ಇಡೀ ಬೈಬಲ್ ಅಚ್ಚಾಯಿತು. ಮಾತೃಭಾಷೆಯ ಬೆಲೆ ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡೇ ವರ್ಷಗಳಲ್ಲಿ, 1873ರಲ್ಲಿ, ಕ್ರಾಂತಿಕವಿ ಹ್ರಿಸ್ಟೊ ಬೊತೆವ್ 'ನನ್ನ ಪ್ರಾರ್ಥನೆ'ಯನ್ನು ಪ್ರಕಟಿಸಿದ. ದೊರೆಗಳಿಗೂ ಧರ್ಮಗುರುಗಳಿಗೂ ಪಟ್ಟ ಕಟ್ಟುವ ಸ್ವರ್ಗದ ದೇವರನ್ನು ಅವನು ಒಪ್ಪಲಿಲ್ಲ. ಎದೆಯೊಳಗಿರುವ, ಗುಲಾಮರ ಪಕ್ಷ ವಹಿಸುವ ದೇವರಿಗೆ ಮೊರೆಯಿಟ್ಟ. 1876ರಲ್ಲಿ ತುರ್ಕರೊಡನೆ ಹೋರಾಡುತ್ತಲೇ ಮಡಿದ.

ನಿಕೊಲಾಯ್ ರಾಯ್ನೊವ್ 1912ರಲ್ಲಿ 'ಬೊಗೊಮಿಲ್ ದಂತಕಥೆಗಳು' ಎಂಬ ಪುಸ್ತಕದಲ್ಲಿ ಆ ಹಳೆಯ ಪಂಥದ ಲೋಕಕ್ಕೆ ಮರಳಿದ. 1919ರಲ್ಲಿ ಕ್ರಿಸ್ತನನ್ನೇ ನಾಯಕನಾಗಿಸಿ 'ಮರುಭೂಮಿ ಮತ್ತು ಬದುಕಿನ ನಡುವೆ' ಎಂಬ ಕಾದಂಬರಿ ಬರೆದು ಧರ್ಮಪೀಠದ ಬಹಿಷ್ಕಾರಕ್ಕೆ ಗುರಿಯಾದ.

1923ರ ಸೆಪ್ಟೆಂಬರಿನಲ್ಲಿ ರೈತರೂ ಕಾರ್ಮಿಕರೂ ಸರ್ಕಾರದ ವಿರುದ್ಧ ದಂಗೆಯೆದ್ದರು. ಸರ್ಕಾರ ಅದನ್ನು ರಕ್ತದಲ್ಲಿ ಮುಳುಗಿಸಿತು. ಮರುವರ್ಷ ಗೆಯೊ ಮಿಲೆವ್ 'ಸೆಪ್ಟೆಂಬರ್' ಎಂಬ ದೀರ್ಘ ಕವನ ಬರೆದ. ಅದರಲ್ಲಿ ಬಂಡಾಯಗಾರರ ಜೊತೆ ನಿಂತ ಪಾದ್ರಿ ಆಂಡ್ರೇ ತನ್ನ ಫಿರಂಗಿಯ ಕೊನೆಯ ಗುಂಡನ್ನು ಇಗರ್ಜಿಯತ್ತಲೇ ಹಾರಿಸುತ್ತಾನೆ. ಕವನಕ್ಕಾಗಿ ಮಿಲೆವ್‌ಗೆ ಶಿಕ್ಷೆಯಾಯಿತು. 1925ರ ಮೇ ತಿಂಗಳಲ್ಲಿ ಪೊಲೀಸರು ವಿಚಾರಣೆಗೆಂದು ಕರೆದೊಯ್ದವನು ಮನೆಗೆ ಮರಳಲಿಲ್ಲ. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ ಅವನ ಅವಶೇಷಗಳನ್ನು ಹಲವು ವರ್ಷಗಳ ಬಳಿಕ ಸಾಮೂಹಿಕ ಗೋರಿಯೊಂದರಲ್ಲಿ ಗುರುತಿಸಿದ್ದು ಗಾಜಿನ ಕಣ್ಣಿನಿಂದ.

ನಾಸ್ತಿಕತೆಯೇ ಸರ್ಕಾರದ ನೀತಿಯಾಗಿದ್ದ 1970ರಲ್ಲಿ ಎಮಿಲಿಯಾನ್ ಸ್ತಾನೆವ್ 'ಆಂಟಿಕ್ರೈಸ್ಟ್' ಕಾದಂಬರಿ ಪ್ರಕಟಿಸಿದ. ಹದಿನಾಲ್ಕನೆಯ ಶತಮಾನದ ಸನ್ಯಾಸಿಯೊಬ್ಬ ತಾಬೋರ್ ಬೆಟ್ಟದ ಮೇಲೆ ಕ್ರಿಸ್ತನಲ್ಲಿ ಕಂಡ ದಿವ್ಯ ಬೆಳಕನ್ನು ಅರಸಿ ಹೊರಟು, ತನ್ನೊಳಗಿನ ಕತ್ತಲೆಯನ್ನೇ ಎದುರಿಸುವ ಕಥೆಯದು.

ಇವರಾರೂ ಬೈಬಲನ್ನು ಮುಚ್ಚಿಟ್ಟು ಸಂಶಯಪಟ್ಟವರಲ್ಲ. ಅದರ ಕ್ರಿಸ್ತ, ಅದರ ಸೈತಾನ, ಅದರ ಪ್ರಾರ್ಥನೆಯನ್ನೇ ಎದುರಿಗಿಟ್ಟುಕೊಂಡು ನ್ಯಾಯ ಕೇಳಿದರು. ಹಾಗೆ ಕೇಳಿದ್ದಕ್ಕೆ ಒಬ್ಬ ಬಹಿಷ್ಕೃತನಾದ, ಇನ್ನೊಬ್ಬ ಪ್ರಾಣವನ್ನೇ ತೆತ್ತ.