ಹಳಿ, ರಬ್ಬರು, ಹಿಡಿತ: ಸವಣೂರು ಸೀಮೆಯ ಚಕ್ಕಡಿಯಿಂದ ಸ್ಪೋರ್ಟ್ಸ್ ಕಾರಿನವರೆಗೆ

ಸ್ಪೋರ್ಟ್ಸ್ ಕಾರಿಗೆ ಕಂಪನಿ ಕೊಟ್ಟ ಗಾಲಿ ಬಿಚ್ಚಿ ಅಗಲದ ಟೈರು, ದೊಡ್ಡ ಅಲಾಯ್ ರಿಮ್, ಗಾಲಿಯನ್ನು ಹೊರಕ್ಕೆ ಚಾಚುವ ಸ್ಪೇಸರ್ ಹಾಕಿಸಿದರೆ ಕಾರು ತಿರುವಿನಲ್ಲಿ ಹೆಚ್ಚು ಮಾತು ಕೇಳುತ್ತದೆಯೇ? ಶಿಗ್ಗಾಂವಿಯನ್ನು ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಈ ಪ್ರಶ್ನೆಯನ್ನು ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನತ್ತ, ಆ ಸೀಮೆಯ ಹೊಲದ ದಾರಿಗೆ ಇಳಿಸಿ ನೋಡುವುದು ಈ ಲೇಖನದ ಉದ್ದೇಶ. ವಾಹನವೊಂದು ತನ್ನ ಗಾಲಿಯನ್ನು ಪೂರ್ತಿ ಬದಲಿಸಿಕೊಂಡ ಕತೆ ಅಲ್ಲಿ ಚಕ್ಕಡಿಯ ರೂಪದಲ್ಲಿ ಕಣ್ಣೆದುರಿಗೇ ಇದೆ.

ಮೊದಲು ಕಟ್ಟಿಗೆ ಗಾಲಿ. ಬಡಿಗೇರ ಗುಂಬಕ್ಕೆ ಅರ ಕೂಡಿಸಿ ಸುತ್ತು ಮುಗಿಸಿದ ಮೇಲೆ ಕೆಲಸ ಕಂಬಾರನದು. ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿಯೇ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಾಗಿಸಿ, ಇಕ್ಕಳದಿಂದ ಎತ್ತಿ ಗಾಲಿಗೆ ಬಡಿದು ಕೂರಿಸಿ ನೀರು ಸುರಿಯುತ್ತಾರೆ. ಹೊಗೆ, ಆವಿ, ಸುಟ್ಟ ಕಟ್ಟಿಗೆಯ ವಾಸನೆ. ಹಳಿ ಕುಗ್ಗಿದಂತೆ ಅರಗಳು ಗುಂಬದೊಳಕ್ಕೆ ಬಿಗಿದುಕೊಳ್ಳುವ ಸದ್ದು. ಐದು ಅಡಿ ವ್ಯಾಸದ ಗಾಲಿಯ ಹಳಿಯನ್ನು 500 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿದರೆ ಅದರ ಸುತ್ತಳತೆ ಹೆಚ್ಚೂಕಡಿಮೆ 2.8 ಸೆಂ.ಮೀ. ಹಿಗ್ಗುತ್ತದೆ. ಕಂಬಾರ ಈ ಲೆಕ್ಕವನ್ನು ಕಣ್ಣಳತೆಯಲ್ಲೇ ಮುಗಿಸುತ್ತಿದ್ದ.

ಈ ಕಿರಿದಾದ ಹಳಿಗೆ ಎರೆ ನೆಲದಲ್ಲಿ ಎರಡು ಗುಣ. ಹಸಿ ಇದ್ದಾಗ ಅದು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ಪದರಕ್ಕೆ ಇಳಿಯುತ್ತದೆ, ಅಡ್ಡಕ್ಕೆ ಜಾರುವುದಿಲ್ಲ. ಆದರೆ ಹೂತು ಹೋಗುವುದರಿಂದ ಎಳೆತ ಭಾರವಾಗುತ್ತದೆ, ದಾರಿ ತುಂಬ ಜಾಡು ಬೀಳುತ್ತದೆ. ಜಾಡಿಗೆ ಬಿದ್ದ ಚಕ್ಕಡಿಯನ್ನು ತಿರುಗಿಸುವವನು ಗಾಡಿಯವನಲ್ಲ, ಜಾಡೇ.

ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ಪಶುವೈದ್ಯ. ಅವನ ಹೆಸರು ನಮ್ಮಲ್ಲಿ ‘ಡನ್‌ಲಪ್ ಗಾಡಿ’ಯಾಗಿ ಎತ್ತಿನ ಹಿಂದೆಯೇ ಬಂದು ನಿಂತದ್ದು ಒಂದು ತಮಾಷೆ. ಗಟ್ಟಿ ರಸ್ತೆಯಲ್ಲಿ ಟೈರಿನ ಗಾಡಿ ಹಗುರವಾಗಿ ಉರುಳುತ್ತದೆ, ಹೆಚ್ಚು ಹೇರು ತಾಳುತ್ತದೆ. ತೊಂದರೆ ಇರುವುದು ಇಳಿಜಾರಿನಲ್ಲಿ. ಉರುಳುವಿಕೆಗೆ ತಡೆ ಕಡಿಮೆಯಾದ್ದರಿಂದ ಗಾಡಿ ಎತ್ತುಗಳನ್ನು ಹಿಂದಿನಿಂದ ದಬ್ಬುತ್ತದೆ. ನೊಗ ಹಿಣಿಲನ್ನು ಬಿಟ್ಟು ಕೊಂಬಿನತ್ತ ನುಗ್ಗಿ, ಜತ್ತಿಗೆ ಕುತ್ತಿಗೆಯನ್ನು ಒತ್ತುತ್ತದೆ. ಗಾಲಿ ಬದಲಾಯಿತು, ನೊಗ ಹಳೆಯದೇ ಉಳಿಯಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗೆ ದುಡಿದಾಗ ಗಾಲಿಯ ಜೊತೆಗೆ ನೊಗವನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಇದಕ್ಕೇ.

ಕಾರಿಗೆ ಬರೋಣ. ಅಗಲದ ಟೈರು ಹೆಚ್ಚು ನೆಲ ಮುಟ್ಟುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಒಂದು ಗಾಲಿಯ ಮೇಲೆ 300 ಕೆ.ಜಿ. ಭಾರ, ಒಳಗೆ 30 ಪಿ.ಎಸ್.ಐ. ಗಾಳಿ ಇದ್ದರೆ ನೆಲ ಮುಟ್ಟುವ ಜಾಗ ಸುಮಾರು 140 ಚದರ ಸೆಂ.ಮೀ., ಅಂದರೆ ಬೆರಳು ಸೇರಿದ ಒಂದು ಅಂಗೈಯಷ್ಟು. ಗಾಳಿ ಅಷ್ಟೇ ಇದ್ದರೆ ಟೈರು ಅಗಲವಾದಾಗ ಈ ಜಾಗ ಬಹಳವೇನೂ ಹಿಗ್ಗುವುದಿಲ್ಲ, ಆಕಾರ ಬದಲಿಸುತ್ತದೆ: ಉದ್ದ ಕಡಿಮೆ, ಅಗಲ ಹೆಚ್ಚು. ಒಣ ಡಾಂಬರಿನ ತಿರುವಿಗೆ ಇದು ಒಳ್ಳೆಯದು, ಸ್ಟೀರಿಂಗಿಗೆ ಟೈರು ಬೇಗ ಉತ್ತರ ಕೊಡುತ್ತದೆ. ನಿಂತ ನೀರಿನ ಮೇಲೆ ಅದೇ ಅಗಲ ಕಾರನ್ನು ತೇಲಿಸುತ್ತದೆ. ರ್‍ಯಾಲಿಯವರು ಡಾಂಬರಿಗಿಂತ ಮಣ್ಣಿನ ದಾರಿಗೆ, ಅದಕ್ಕಿಂತಲೂ ಹಿಮಕ್ಕೆ ಕಿರಿದಾದ ಟೈರು ಹಾಕುವುದು ನಮ್ಮ ಹಳಿಯ ತರ್ಕದಿಂದಲೇ: ಸೀಳಿ ಇಳಿ, ಗಟ್ಟಿಯದನ್ನು ಹಿಡಿ.

ರೂಢಿ ಮೀರಿದ ಗಾಲಿಯ ದೊಡ್ಡ ಪ್ರಯೋಗ ಟಿರೆಲ್ ಪಿ34. ಡೆರೆಕ್ ಗಾರ್ಡ್ನರ್ ವಿನ್ಯಾಸ ಮಾಡಿದ ಈ ಫಾರ್ಮುಲಾ ಒನ್ ಕಾರಿಗೆ ಆರು ಗಾಲಿ. ಮುಂದಿನ ನಾಲ್ಕು ಬರೀ 10 ಇಂಚಿನವು. 1976ರ ಸ್ವೀಡನ್ ಗ್ರ್ಯಾಂಡ್ ಪ್ರೀಯಲ್ಲಿ ಜೋಡಿ ಶೆಕ್ಟರ್ ಗೆದ್ದು, ಪ್ಯಾಟ್ರಿಕ್ ಡೆಪಾಯೆ ಎರಡನೆಯವನಾದ. ಆದರೆ ಆ ಪುಟ್ಟ ಟೈರು ಬೇರೆ ಯಾವ ತಂಡಕ್ಕೂ ಬೇಕಿರಲಿಲ್ಲ. ಹಿಂದಿನ ದೊಡ್ಡ ಟೈರು ವರ್ಷವರ್ಷ ಸುಧಾರಿಸಿತು, ಮುಂದಿನದು ಹಿಂದೆ ಬಿತ್ತು. 1977ರ ಕೊನೆಗೆ ತಂಡ ನಾಲ್ಕು ಗಾಲಿಗೆ ಮರಳಿತು. ನನ್ನ ಓದಿನಲ್ಲಿ ಇಲ್ಲಿ ಸೋತದ್ದು ಆರು ಗಾಲಿಯ ಕಲ್ಪನೆಗಿಂತ ಹೆಚ್ಚಾಗಿ ಟೈರು ಒದಗಿಸುವ ವ್ಯವಸ್ಥೆ. ಹೊಸ ನಮೂನೆಯ ಗಾಲಿಗೆ ಅದನ್ನು ತಿದ್ದುವ ಕಂಬಾರನೂ ಬೇಕು.

ಸ್ಪೇಸರ್ ವಿಷಯ ಇಷ್ಟು ಉದಾರವಾಗಿ ನೋಡುವಂಥದ್ದಲ್ಲ. ಗಾಲಿಯನ್ನು ಹೊರಕ್ಕೆ ಸರಿಸಿದರೆ ಕಾರಿನ ಕಾಲು ಅಗಲವಾಗಿ ತಿರುವಿನಲ್ಲಿ ಸ್ವಲ್ಪ ನೆಮ್ಮದಿ ನಿಜ. ಆದರೆ ಭಾರದ ಸನ್ನೆ ಉದ್ದವಾಗಿ ಬೇರಿಂಗ್ ಬೇಗ ಸವೆಯುತ್ತದೆ, ಒಂದೊಂದು ಗುಂಡಿಗೂ ಸ್ಟೀರಿಂಗ್ ಕೈಯನ್ನು ಜಗ್ಗುತ್ತದೆ. ಹಾನಗಲ್ಲಿನ ಭತ್ತದ ಗದ್ದೆಗೆ ಇಳಿಯುವ ಟ್ರ್ಯಾಕ್ಟರುಗಳಲ್ಲಿ ರಬ್ಬರ್ ಗಾಲಿಯ ಹೊರಬದಿಗೆ ಕಬ್ಬಿಣದ ಕೇಜ್ ವೀಲ್ ಬಿಗಿದಾಗ ಆಗುವುದೂ ಇದೇ. ಕೆಸರಿನಲ್ಲಿ ಅದಿಲ್ಲದೆ ನಡೆಯದು. ಗದ್ದೆ ಮುಗಿದ ಮೇಲೆ ಬದುವಿನ ಪಕ್ಕ ನಿಲ್ಲಿಸಿ, ಸ್ಪ್ಯಾನರ್ ಹಿಡಿದು, ಅದನ್ನು ಬಿಚ್ಚಿ ಟ್ರೇಲರಿಗೆ ಎಸೆದ ನಂತರವೇ ಜಾಣ ಚಾಲಕ ಡಾಂಬರಿಗೆ ಹತ್ತುತ್ತಾನೆ.