ಆಂಟಿ-ಡಿ ಇಂಜೆಕ್ಷನ್ನಿನ ಚರಿತ್ರೆ ಮತ್ತು ಕಲಬುರಗಿ ಸೀಮೆಯ ಎರಡನೆಯ ಬಸಿರು

ಆರ್‌ಎಚ್ ಕಾಯಿಲೆಯ ಕಥೆಯನ್ನು ವೈದ್ಯಕೀಯ ಚರಿತ್ರೆಕಾರರು ಸಾಮಾನ್ಯವಾಗಿ 1968ಕ್ಕೆ ನಿಲ್ಲಿಸುತ್ತಾರೆ. ಅದನ್ನು ತಡೆಯುವ ಆಂಟಿ-ಡಿ ಇಮ್ಯುನೊಗ್ಲಾಬುಲಿನ್‌ಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕ ವರ್ಷ ಅದು. ಔಷಧ ಸಿದ್ಧವಾದ ಮೇಲೂ ಅದು ಯಾರಿಗೆ ಬೇಕೆಂದು ಗೊತ್ತಾಗಬೇಕಾದರೆ ಬಸುರಿಯ ರಕ್ತದ ಗುಂಪು ಮೊದಲೇ ತಿಳಿದಿರಬೇಕು. ಕಲಬುರಗಿ ನಗರ ಮತ್ತು ಕಮಲಾಪುರದಂಥ ಊರುಗಳ ಮಟ್ಟಿಗೆ ಈ ಕಾಯಿಲೆಯ ಚರಿತ್ರೆಯನ್ನು ನಿರ್ಧರಿಸುವುದು ಆ ತಿಳಿವಳಿಕೆ ಮತ್ತು ಅದರ ದಾಖಲೆ ಎಂಬುದು ಇಲ್ಲಿನ ವಾದ.

1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್ ನ್ಯೂಯಾರ್ಕಿನ ಒಬ್ಬ ತಾಯಿಯ ಪ್ರಕರಣವನ್ನು ವರದಿ ಮಾಡಿದರು. ಸತ್ತ ಮಗುವನ್ನು ಹೆತ್ತ ಆಕೆಗೆ ಗಂಡನ ರಕ್ತ ಕೊಟ್ಟಾಗ ತೀವ್ರ ತೊಂದರೆಯಾಗಿತ್ತು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಅಂಶವನ್ನು ಗುರುತಿಸಿದರು. ಆರ್‌ಎಚ್ ನೆಗೆಟಿವ್ ತಾಯಿಯ ಮೈಗೆ ಪಾಸಿಟಿವ್ ಮಗುವಿನ ಕೆಂಪುಕಣಗಳು ಹೆಚ್ಚಾಗಿ ಸೇರುವುದು ಹೆರಿಗೆಯ ಹೊತ್ತಿನಲ್ಲಿ. ಅವುಗಳ ವಿರುದ್ಧ ಅವಳ ದೇಹ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಮೊದಲ ಕೂಸು ಬಹುಪಾಲು ಪಾರಾಗುತ್ತದೆ. ಮುಂದಿನ ಬಸಿರಿನಲ್ಲಿ ಅದೇ ಪ್ರತಿಕಾಯ ಮಾಸು ದಾಟಿ ಶಿಶುವಿನ ರಕ್ತವನ್ನು ಒಡೆಯುತ್ತದೆ: ರಕ್ತಹೀನತೆ, ಬಾವು, ತೀವ್ರ ಕಾಮಾಲೆ, ಕೆಲವೊಮ್ಮೆ ಗರ್ಭದಲ್ಲೇ ಸಾವು. ತಾಯಿ-ಮಗುವಿನ ಎಬಿಒ ಗುಂಪು ಹೊಂದದಿದ್ದರೆ ಈ ಅಪಾಯ ತಗ್ಗುತ್ತದೆಂದು 1940ರ ದಶಕದಲ್ಲೇ ಕಂಡುಬಂದಿತ್ತು. ಮಗುವಿನ ಕಣಗಳು ಬೇಗ ನಾಶವಾದರೆ ತಾಯಿಯ ದೇಹ ಅವನ್ನು ನೆನಪಿಟ್ಟುಕೊಳ್ಳುವುದಿಲ್ಲ ಎಂಬ ಆ ಸುಳಿವನ್ನು ಹಿಡಿದು ಲಿವರ್‌ಪೂಲ್‌ನಲ್ಲಿ ಕ್ಲಾರ್ಕ್ ಮತ್ತು ಫಿನ್, ಬೇರೊಂದು ತರ್ಕದಿಂದ ನ್ಯೂಯಾರ್ಕ್‌ನಲ್ಲಿ ಫ್ರೆಡಾ, ಗೋರ್ಮನ್ ಮತ್ತು ಪೊಲಾಕ್ ಒಂದೇ ಉಪಾಯಕ್ಕೆ ಬಂದರು: ಸಿದ್ಧ ಪ್ರತಿಕಾಯವನ್ನೇ ಚುಚ್ಚಿ, ತಾಯಿ ತನ್ನದನ್ನು ಕಟ್ಟಿಕೊಳ್ಳದಂತೆ ತಡೆಯುವುದು.

ಹೆರಿಗೆಯಾದ 72 ಗಂಟೆಯೊಳಗೆ ಚುಚ್ಚಬೇಕೆಂಬ ನಿಯಮದ ಹಿನ್ನೆಲೆ ತಿಳಿಯುವಂಥದ್ದು. ನ್ಯೂಯಾರ್ಕ್ ತಂಡ ಸಿಂಗ್ ಸಿಂಗ್ ಸೆರೆಮನೆಯ ಕೈದಿಗಳ ಮೇಲೆ ಪ್ರಯೋಗ ನಡೆಸಿತ್ತು. ಒಳಹೋಗಲು ಸಿಗುತ್ತಿದ್ದ ಅನುಮತಿಗೆ ತಕ್ಕಂತೆ ಹೊಂದಿಸಿಕೊಂಡ ಅವಧಿ ಅದು. ದೇಹ ಹಾಕಿದ ಗಡಿಯಲ್ಲ. ಬೇಗ ಕೊಟ್ಟಷ್ಟೂ ಒಳ್ಳೆಯದು, ನಿಜ. ಆದರೆ ತಡವಾದರೂ ಕೊಡಬೇಕು, 10ನೇ ದಿನದವರೆಗೂ ಸ್ವಲ್ಪ ರಕ್ಷಣೆ ಸಿಗಬಹುದು ಎಂದು ಬ್ರಿಟಿಷ್ ಮಾರ್ಗಸೂಚಿ ಹೇಳುತ್ತದೆ. ಐದನೇ ದಿನ ಬಂದ ಬಾಣಂತಿಗೆ ಹೊತ್ತು ಮೀರಿತೆಂದು ಹೇಳಿ ಕಳಿಸುವುದು ಚರಿತ್ರೆಯನ್ನು ತಪ್ಪಾಗಿ ಓದಿದಂತೆ.

ನಮ್ಮಲ್ಲಿ ನೆಗೆಟಿವ್ ಗುಂಪಿನವರು 100ಕ್ಕೆ ಸುಮಾರು 5 ಮಂದಿ ಮಾತ್ರ, ಯುರೋಪಿನಲ್ಲಿ ಸುಮಾರು 15. ಹಾಗಾಗಿ ಇದು ಅವರ ಕಾಯಿಲೆ ಎಂಬ ಆಕ್ಷೇಪವಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ನೆಗೆಟಿವ್ ವಂಶವಾಹಿ ವಿರಳವಾದ ಕಡೆ ಗಂಡನಿಂದ ಅದು ಮಗುವಿಗೆ ಬರುವ ಸಂಭವವೂ ಕಡಿಮೆ. ಯುರೋಪಿನಲ್ಲಿ 100 ನೆಗೆಟಿವ್ ಬಸುರಿಯರಲ್ಲಿ ಸುಮಾರು 60 ಮಂದಿಯ ಹೊಟ್ಟೆಯಲ್ಲಿ ಪಾಸಿಟಿವ್ ಶಿಶುವಿದ್ದರೆ, ಇಲ್ಲಿ ಆ ಸಂಖ್ಯೆ 78ರ ಹತ್ತಿರ ಬರುತ್ತದೆ. ಒಟ್ಟು ಪ್ರಕರಣ ಕಡಿಮೆಯಿರಬಹುದು, ಒಬ್ಬೊಬ್ಬಳ ಅಪಾಯ ಹೆಚ್ಚು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದರಿಂದ ಹೀಗಾಯಿತು ಎಂಬ ದೂಷಣೆಯೂ ಇಲ್ಲಿ ನಿಲ್ಲುವುದಿಲ್ಲ. ಬೇರೆ ಆನುವಂಶಿಕ ರೋಗಗಳಿಗೆ ಆ ಮಾತು ಸಲ್ಲುತ್ತದೆ. ನೆಗೆಟಿವ್ ಹೆಣ್ಣಿನ ರಕ್ತಸಂಬಂಧಿಯೂ ನೆಗೆಟಿವ್ ಆಗಿರುವ ಸಂಭವ ಹೆಚ್ಚಾದ್ದರಿಂದ ಈ ಕಾಯಿಲೆಯಲ್ಲಿ ಅಪಾಯ ಇಳಿಯುತ್ತದೆ.

ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲೇ ಆರಂಭವಾಯಿತು. ಇಂದು ಜಿಮ್ಸ್, ಇಎಸ್‌ಐ ಕಾಲೇಜುಗಳೂ ಇವೆ. ಹುಮನಾಬಾದ್ ರಸ್ತೆಯ ಕಮಲಾಪುರ 2018ರಲ್ಲಿ ತಾಲ್ಲೂಕಾಯಿತು. ತೊಡಕಿರುವುದು ಆಸ್ಪತ್ರೆಗಳ ಸಂಖ್ಯೆಯಲ್ಲಲ್ಲ, ನಮ್ಮ ರೂಢಿಯಲ್ಲಿ. ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಊರಿನಲ್ಲೋ ದುಡಿಯಲು ಹೋದ ಪುಣೆ, ಮುಂಬೈಯಲ್ಲೋ. ಕಾಯಿಲೆಯ ಬೀಜ ಮೊದಲ ಹೆರಿಗೆಯದು, ಫಲ ಎರಡನೆಯದರದು. ಎರಡನ್ನೂ ಒಬ್ಬರೇ ವೈದ್ಯರು ನೋಡುವುದು ಅಪರೂಪ. ಮೊದಲ ಸಲ ಇಂಜೆಕ್ಷನ್ ಕೊಟ್ಟಿದ್ದರೇ, ನಡುವೆ ಗರ್ಭ ಇಳಿದಿತ್ತೇ ಎಂಬುದು ಬಸುರಿಯ ತಪಾಸಣೆ ದಾಖಲಿಸುವ ತಾಯಿ ಕಾರ್ಡಿನಲ್ಲಿ ಇಲ್ಲದಿದ್ದರೆ ಎಷ್ಟು ದೊಡ್ಡ ಆಸ್ಪತ್ರೆಗೂ ಗೊತ್ತಾಗುವ ದಾರಿಯಿಲ್ಲ.

ಇಂಜೆಕ್ಷನ್ ರಕ್ತದಿಂದ ತೆಗೆದದ್ದು, ಅಪಾಯಕಾರಿ ಎಂಬ ಭಯಕ್ಕೆ ಆಧಾರವಿತ್ತು. ಐರ್ಲೆಂಡ್‌ನಲ್ಲಿ 1977ರ ಕಲುಷಿತ ಆಂಟಿ-ಡಿಯಿಂದ ನೂರಾರು ಹೆಂಗಸರಿಗೆ ಹೆಪಟೈಟಿಸ್-ಸಿ ತಗುಲಿತು. ನಂತರ ದಾನಿಗಳ ತಪಾಸಣೆ, ವೈರಾಣು ನಾಶದ ವಿಧಾನಗಳು ಬಿಗಿಯಾದವು; ಮುಂಬೈಯ ಭಾರತ್ ಸೀರಮ್ಸ್ ಜೀವಕೋಶಗಳನ್ನು ಬೆಳೆಸಿ ತಯಾರಿಸುವ ಮೊನೊಕ್ಲೋನಲ್ ಆಂಟಿ-ಡಿಯೂ ಬಂದಿದೆ. ಬೆಲೆಯ ಆಕ್ಷೇಪ ಇದಕ್ಕಿಂತ ಗಟ್ಟಿ, ಏಕೆಂದರೆ ಕೂಲಿಯವರ ಮನೆಗೆ ಆ ಖರ್ಚು ಭಾರವೇ. ಆದರೆ ಇಂಜೆಕ್ಷನ್ ಇಲ್ಲದೆ, ಪಾಸಿಟಿವ್ ಕೂಸು ಹೆತ್ತ 100 ನೆಗೆಟಿವ್ ತಾಯಂದಿರಲ್ಲಿ ಸುಮಾರು 16 ಮಂದಿಯಲ್ಲಿ ಹುಟ್ಟುವ ಪ್ರತಿಕಾಯ, ಹೆರಿಗೆಯ ನಂತರ ಕೊಟ್ಟರೆ 2ಕ್ಕೆ, ಬಸಿರಿನ 28ನೇ ವಾರದಲ್ಲೂ ಕೊಟ್ಟರೆ 1ಕ್ಕಿಂತ ಬಹಳ ಕೆಳಗೆ ಇಳಿಯುತ್ತದೆ. ಒಮ್ಮೆ ಪ್ರತಿಕಾಯ ಹುಟ್ಟಿದರೆ ಇಂಜೆಕ್ಷನ್ನಿಗೆ ಕೆಲಸವಿಲ್ಲ. ಕೂಸಿನ ರಕ್ತ ಬದಲಿಸುವ ಚಿಕಿತ್ಸೆಯ ಖರ್ಚು, ಸಂಕಟ ಎರಡೂ ಅದಕ್ಕಿಂತ ದೊಡ್ಡವು. ಆದ್ದರಿಂದ ಮೊದಲ ಭೇಟಿಯಲ್ಲೇ ಬಸುರಿಯ ಗುಂಪು ನೋಡಿ, ನೆಗೆಟಿವ್ ಇದ್ದರೆ ಗಂಡನದನ್ನೂ ನೋಡಿ, ತಾಯಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟಿದೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆಯ ಫಲ ಮತ್ತು ಇಂಜೆಕ್ಷನ್ ಕೊಟ್ಟ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು. ಮನೆಯವರು ಆ ಕಾರ್ಡನ್ನು ಎರಡನೆಯ ಬಸಿರಿನವರೆಗೂ ಕಾಪಾಡಿಕೊಳ್ಳಬೇಕು.