ಮಾಮಾನ ದ್ರಾಕ್ಷಿ, ಅತ್ತಿಯ ಸೆರೆ

ಮೊನ್ನೆ ಊರಿಗೆ ಹೋಗಿದ್ದೆ. ನಮ್ಮೂರು ಬೈಲಹೊಂಗಲ, ಅವ್ವನ ತವರು ರಾಮದುರ್ಗದ ಹತ್ರ ಒಂದು ಹಳ್ಳಿ. ಮಾಮಾ ಅಥಣಿ ಕಡೆ ಹೋಗಿ ದ್ರಾಕ್ಷಿ ಪಡ ನೋಡಿಕೊಂಡು ಬಂದಿದ್ದರು. ಮಸಾರಿ ಹೊಲದಲ್ಲಿ ವೈನ್ ದ್ರಾಕ್ಷಿ ಹಚ್ಚಬೇಕು ಅನ್ನೋದು ಅವರ ಆಸೆ. ಅತ್ತಿ ರೊಟ್ಟಿ ಬಡಿಯೋದು ನಿಲ್ಲಿಸಿ, "ನಾಳೆ ಹುಡುಗೀನ್ನ ನೋಡಾಕ ಬಂದವ್ರು ಇದು ಸೆರೆ ಮಾಡೋ ಮನಿ ಅಂದ್ರ ಏನ್ ಮಾಡ್ತೀರಿ?" ಅಂದರು.

"ಇದು ಸೆರೆ ಅಲ್ಲ" ಅಂತ ಮಾಮಾ ನನ್ನ ಕಡೆ ನೋಡಿದರು. ಇಂಜಿನಿಯರ್ ಅಲ್ವಾ, ಎಲ್ಲಾ ಗೊತ್ತಿರಬೇಕು! ನನಗೇನೂ ಗೊತ್ತಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದಿಷ್ಟು ಓದಿದೆ.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ (ಆಳಿದ್ದು 1126ರಿಂದ 1138) ಬರೆದ 'ಮಾನಸೋಲ್ಲಾಸ'ದಲ್ಲಿ ಅಡುಗೆ, ಆನೆ, ಸಂಗೀತದ ಜೊತೆ ಮದ್ಯದ ವಿಷಯವೂ ಇದೆ. ಕಬ್ಬು, ತಾಳೆ, ತೆಂಗು, ಖರ್ಜೂರ, ಜೊತೆಗೆ ದ್ರಾಕ್ಷಿಯದ್ದೂ! ಆಗ ನಮ್ಮ ಸವದತ್ತಿಯ ರಟ್ಟರು ಈ ಚಾಲುಕ್ಯರ ಸಾಮಂತರು. ಆದ್ರೆ ಇದು ಅರಮನೆ ಮಾತು. ಇದನ್ನ ಹಿಡ್ಕೊಂಡು "ಸವದತ್ತಿಯ ರೈತನೂ ವೈನ್ ಕುಡೀತಿದ್ದ" ಅಂದ್ರೆ ಬರೀ ಪುಂಗಿ.

ಹಳ್ಳಿಗಳಿಗೆ ಗೊತ್ತಿದ್ದದ್ದು ಈಚಲ ಮರದ ಸೇಂದಿ. ಕಿತ್ತೂರು ಬ್ರಿಟಿಷರ ಕೈ ಸೇರಿದ ಮೇಲೆ, 1878ರ ಮುಂಬಯಿ ಅಬಕಾರಿ ಕಾಯ್ದೆಯಿಂದ ಅದು ಸರ್ಕಾರದ ವರಮಾನವಾಯ್ತು. ಅದಕ್ಕೇ ಸ್ವಾತಂತ್ರ್ಯ ಚಳವಳಿಯವರು ಸೇಂದಿ ಅಂಗಡಿ ಮುಂದೆ ಧರಣಿ ಕೂತದ್ದು. ಬೆಳಗಾವಿ ಜಿಲ್ಲೆ 1956ರ ತನಕ ಮುಂಬಯಿ ರಾಜ್ಯದಲ್ಲಿತ್ತು, ಹಾಗಾಗಿ ಅಲ್ಲಿನ 1949ರ ಪಾನನಿಷೇಧ ಕಾಯ್ದೆ ನಮಗೂ ಬಂತು. ಮೈಸೂರು ರಾಜ್ಯದಲ್ಲಿ ನಿಷೇಧ ಹೋಗಿದ್ದು 1967ರಲ್ಲಿ. ನಡುವಿನ ವರ್ಷಗಳಲ್ಲಿ ಕುಡಿಯೋರು ಕುಡಿದದ್ದು ಕಳ್ಳಭಟ್ಟಿ. ಕುಡಿದು ಬರೋ ಗಂಡ, ಬಾಗಿಲಿಗೆ ಬರೋ ಪೊಲೀಸರು... ಅತ್ತಿಯ 'ಸೆರೆ' ಅನ್ನೋ ಮಾತು ಅಲ್ಲಿಂದ ಬಂದದ್ದು, ಅವರ ತಾಯಿ ಕಾಲದಿಂದ.

ಮಾಮಾನ ಮಾತು ಬಂದದ್ದು 2007ರ ರಾಜ್ಯ ವೈನ್ ನೀತಿಯಿಂದ. ಅದಕ್ಕೂ ಮೊದಲೇ, 1988ರಲ್ಲಿ, ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ಅವರು ಫ್ರೆಂಚ್ ತಳಿ ಹಚ್ಚಿದ್ದರು. ಹೊಸ ನೀತಿ ನಂದಿ ಕಣಿವೆ ಜೊತೆ ಕೃಷ್ಣಾ ಕಣಿವೆಯ ಹೆಸರನ್ನೂ ತಂತು. ಸರ್ಕಾರ ವೈನ್ ಮೇಳಕ್ಕೆ ಇಟ್ಟ ಹೆಸರು ನೋಡಿ: ದ್ರಾಕ್ಷಾರಸ ಉತ್ಸವ! ಸೆರೆ ಅನ್ನೋ ಶಬ್ದದ ಹತ್ರಾನೂ ಸುಳಿದಿಲ್ಲ.

ಇನ್ನು ಮಾಡೋ ರೀತಿ. ನಮ್ಮ ಕಡೆ ದ್ರಾಕ್ಷಿಗೆ ಎರಡು ಚಾಟ್ನಿ: ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ ಇನ್ನೊಂದು. ಫೆಬ್ರವರಿ-ಮಾರ್ಚ್‌ಗೆ ಕೊಯ್ಲು. ನೀರು ನಿಲ್ಲೋ ಬೈಲಹೊಂಗಲದ ಎರಿ ಹೊಲಕ್ಕಿಂತ ಮಸಾರಿಯೇ ಬಳ್ಳಿಗೆ ಒಳ್ಳೇದು. ಕಪ್ಪು ದ್ರಾಕ್ಷಿಯ ತಿರುಳು ಹಿಂಡಿದರೆ ರಸ ಕೆಂಪಗಿರಲ್ಲ, ಹೆಚ್ಚುಕಮ್ಮಿ ನೀರಿನ ಬಣ್ಣ. ಕೆಂಪು ಇರೋದು ಸಿಪ್ಪೆಯಲ್ಲಿ! ಅದಕ್ಕೇ ತೊಟ್ಟು ಬಿಡಿಸಿ, ಹಣ್ಣು ಒಡೆದು, ಸಿಪ್ಪೆ ಸಮೇತ ವಾರದ ಮೇಲೆ ಹುದುಗಿಸ್ತಾರೆ. ಮೇಲೆ ತೇಲಿ ಬರೋ ಸಿಪ್ಪೆಯನ್ನ ದಿನಕ್ಕೆರಡು ಮೂರು ಸಲ ಒಳಗೆ ದಬ್ಬಬೇಕು. ಯೀಸ್ಟ್ ಸಕ್ಕರೆ ತಿಂದು ಆಲ್ಕೊಹಾಲ್ ಮಾಡುತ್ತೆ. ನೂರಕ್ಕೆ 24 ಪಾಲು ಸಕ್ಕರೆಯ ರಸದಿಂದ ಸುಮಾರು 13-14 ಪಾಲು. ಆಮೇಲೆ ಹಿಂಡಿ ಸಿಪ್ಪೆ ತೆಗೀತಾರೆ. ಬ್ಯಾಕ್ಟೀರಿಯಾ ಹುಳಿಯನ್ನ ಮೆತ್ತಗೆ ಮಾಡ್ತವೆ. ಆಮೇಲೆ ಸ್ಟೀಲ್ ಟ್ಯಾಂಕು, ಇಲ್ಲಾ ತಿಂಗಳುಗಟ್ಟಲೆ ಓಕ್ ಮರದ ಪೀಪಾಯಿ. ಮರದ ಸಂದಿಯಿಂದ ಸ್ವಲ್ಪ ಸ್ವಲ್ಪ ಗಾಳಿ ಆಡಿ ಒಗರು ಕಮ್ಮಿಯಾಗುತ್ತೆ. ಆದ್ರೆ ತಂಪು ಬೇಕೇ ಬೇಕು. ನಮ್ಮ ರಾಮದುರ್ಗದ ಬ್ಯಾಸಿಗಿಯಲ್ಲಿ ಕರೆಂಟ್ ಹೋದ್ರೆ ಕೆಲಸ ಕೆಟ್ಟ ಹಾಗೇ.

ಹಾಗೆ ನೋಡಿದ್ರೆ ಮಾಮಾ ವೈನ್ ಮಾಡೋದೇ ಇಲ್ಲ, ಹಣ್ಣು ಬೆಳೆದು ಕಾರ್ಖಾನೆಗೆ ಕೊಡೋದಷ್ಟೇ. ಫೋನ್ ಮಾಡಿ ಅತ್ತಿಗೆ ಇದನ್ನೇ ಹೇಳಿದೆ. ಬಟ್ಟಿ ಇಳಿಸೋದಿಲ್ಲ, ಬರೀ ಹುದುಗಿಸೋದು ಅಂತಾನೂ ಹೇಳಿದೆ. ಪೂರ್ತಿ ಕೇಳಿದರು.

"ಕುಡಿದ್ರ ನಿಶಾ ಏರ್ತೈತೋ ಇಲ್ಲೋ?"

ಏರ್ತೈತಿ ಅಂದೆ. ಫೋನ್ ಮಾಮಾಗೆ ಕೊಟ್ಟರು. ಮಾಮಾ ಈಗ ಒಣದ್ರಾಕ್ಷಿ ರೇಟು ವಿಚಾರಿಸ್ತಿದ್ದಾರೆ.